ಸಾಕ್ಷಿಗುಡ್ಡೆ

ಎಷ್ಟು ಅಗೆದಿರಿ ಎಂದು ಕೇಳಿದರೆ
ಅಗೆಯದೆ ಬಿಟ್ಟ ಮಣ್ಣೇ ಉತ್ತರ.
ಗುಡಿಬಂಡೆ ಹತ್ತಿರದ ಈ ಕುಂಟೆಯ ನಡುವೆ
ಸೊಂಟದೆತ್ತರ ಒಂದು ದಿಂಡು.

ಅದರ ನೆತ್ತಿಗೆ ಎರಡು ಮಂಕರಿ ಹೆಚ್ಚಿಗೆ ಹಾಕಿ,
ತಟ್ಟಿ, ಮೇಲೊಂದು ಗರಿಕೆ ನೆಟ್ಟವಳು ನಾರೆಮ್ಮ:
"ನಾಲ್ಕು ಬೆರಳು, ಅಷ್ಟೇ.
ಸರ್ಕಾರವೇನು ಬಡವಾಗಲ್ಲ ಬಿಡು."

ಇಂಜಿನಿಯರು ಟೇಪು ಇಳಿಬಿಟ್ಟ. ಗರಿಕೆ ಜಗ್ಗಿದ.
ಬುಡಸಮೇತ ಕೈಗೆ ಬಂತು.
ಏನೂ ಅನ್ನಲಿಲ್ಲ. ನಾಲ್ಕು ಬೆರಳು ಕಳೆದು ಬರೆದುಕೊಂಡ,
ಗರಿಕೆಯನ್ನು ಇದ್ದಲ್ಲೇ ಚುಚ್ಚಿ ಹೋದ.

ಕೂಲಿ ಇನ್ನೂ ಖಾತೆಗೆ ಬಿದ್ದಿಲ್ಲ.
ಮಳೆ ಬಿತ್ತು ಮೊದಲು.

ಈಗ ಕುಂಟೆ ತುಂಬ ನೀರು,
ದಿಂಡು ಗೇಣು ಮಾತ್ರ ಮೇಲೆ.
ಪಾಸ್‌ಬುಕ್ಕು ಸೆರಗಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಹೋಗುವಾಗೆಲ್ಲ
ನಾರೆಮ್ಮ ನಿಂತು ನೋಡುತ್ತಾಳೆ:
ಸುಳ್ಳಿಗೆ ನೆಟ್ಟ ಗರಿಕೆ
ಬೇರು ಬಿಟ್ಟಿದೆ.