ಒತ್ತು

ಶುಕ್ರವಾರ ಹೇಳಿ ಕಳಿಸಿದ್ದೆ:
ಮನೆಯಿಂದ ಅಕ್ಷರವಿರುವ ಏನಾದರೂ ಒಂದು ತನ್ನಿ.
ಪುಸ್ತಕ ಬೇಡ.
ಝುವಾರಿನಗರದ ಆ ತಗಡಿನ ಸಾಲಿನಲ್ಲಿ
ಪುಸ್ತಕ ಇದ್ದವರಾದರೂ ಎಷ್ಟು ಮಂದಿ.

ಸೋಮವಾರ ಮೂರನೇ ಇಯತ್ತೆಯ ನೆಲದ ಮೇಲೆ
ಸಂತೆ ನೆರೆಯಿತು:
ಸಿಮೆಂಟ್ ಚೀಲದ ಒಂದು ಕಿವಿ,
ಕದಂಬ ಬಸ್ಸಿನ ಚೀಟಿ, ಬೆವರಿಗೆ ಅಂಕಿ ಅಳಿಸಿದ್ದು,
ಜ್ವರದ ಗುಳಿಗೆ ನುಂಗಿ ಉಳಿದ ಬೆಳ್ಳಿ ಹಾಳೆ,
ಯಾರದೋ ಲಗ್ನಪತ್ರಿಕೆ, ಮೂಲೆಯಲ್ಲಿನ್ನೂ ಅರಿಶಿನ.
ತಾಯಿ ವಿಮಾನ ನಿಲ್ದಾಣ ಗುಡಿಸುವ ಶಮಶಾದ್
ತಂದದ್ದು ಹರಿದ ಬೋರ್ಡಿಂಗ್ ಪಾಸು.

ಈಗ ಇದರ ಮೇಲೆ ನಾಲ್ಕು ಸಾಲು ಬರೀರಿ, ಅಂದೆ.
ಶಮಶಾದ್ ಬರೆದಳು:
“ಹದಿನಾಲ್ಕು ಎಫ್. ಕಿಡಕಿ ಬಾಜೂಕ.
ಈ ಮನಿಷ್ಯಾ ಮ್ಯಾಲಿಂದ ನಮ್ಮ ಶೆಡ್ಡು ನೋಡ್ಯಾನ.
ನಾ ಕೈ ಮಾಡೇನಿ.
ಅಂವ ಮಾಡಿಲ್ಲ, ಯಾಕಂದ್ರ ಆ ಕಿಡಕಿ ತೆಗಿಯಾಕ ಬರಂಗಿಲ್ಲ.”
ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದವಳು
ಮತ್ತೆ ಹಾಕಿಟ್ಟೆ.

ಮಾಳಿಂಗನದು ಬರಿಗೈ.
“ಏನೂ ಸಿಗಲಿಲ್ಲೇನೋ?”
“ಐತ್ರೀ ಟೀಚರ್. ತರಾಕ ಬರಂಗಿಲ್ಲ.”
ಅಷ್ಟರಲ್ಲಿ ತಲೆಯ ಮೇಲೊಂದು ವಿಮಾನ.
ಅದು ದಾಟುವ ತನಕ ನಮ್ಮ ಶಾಲೆಯಲ್ಲಿ ಯಾರೂ ಮಾತಾಡುವುದಿಲ್ಲ,
ದಿನಕ್ಕೆ ಹತ್ತು ಸಲದ ಮೌನಾಚರಣೆ.
“ಅವ್ವನ ಕೈ ಮ್ಯಾಲ ಐತಿ.”

ಮರುದಿನ ಬಂದಳು ಅವನವ್ವ, ಕೆಲಸಕ್ಕೆ ಹೋಗುವ ದಾರಿಯಲ್ಲಿ,
ತಲೆಗೆ ಟವೆಲ್ಲು ಸುತ್ತಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು,
ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತೋಳು ಚಾಚಿದಳು.
ಹಸಿರು ಹಚ್ಚೆ. ಸುತ್ತ ನಿನ್ನೆಯ ಸಿಮೆಂಟು.
ಇಪ್ಪತ್ತೆಂಟು ತಲೆಗಳು ಮುಗಿಬಿದ್ದವು:
ದ-ಕ್ಕೆ ಯ ಒತ್ತು, ಮುಂದೆ ದೀರ್ಘ, ದ್ಯಾ…
ದ್ಯಾ-ಮ-ವ.
ದ್ಯಾಮವ!
“ಒತ್ತು ಇಲ್ರೀ ಟೀಚರ್! ದ್ಯಾಮವ್ವ ಆಗಬೇಕು, ವ-ಕ್ಕ ಒತ್ತು ಬಿಟ್ಟಾರ!”

ಅವಳು ನಗಲಿಲ್ಲ.
ತನ್ನ ತೋಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.
“ಸಣ್ಣಾಕಿದ್ನಿ. ರೊಕ್ಕ ಕಡಿಮಿ ಬಿದ್ದಿತ್ತು.
ಅದಕ್ಕ ಆ ಮುದುಕಿ ಅಷ್ಟ ಹಾಕಿದ್ಲೇನೋ.”

ಹದಿನೇಳು ವರ್ಷ ತಿದ್ದುತ್ತ ಬಂದವಳು ನಾನು,
ಸೊನ್ನೆ ಬಿಟ್ಟರೆ ಸುತ್ತು ಹಾಕಿ,
ಒತ್ತು ಬಿಟ್ಟರೆ ಹತ್ತು ಸಲ ಬರೆಸಿದವಳು.
ಏನು ಹೇಳಬೇಕೋ ಹೊಳೆಯಲಿಲ್ಲ.

ಮಾಳಿಂಗ ಜೇಬಿನಿಂದ ನೀಲಿ ಪೆನ್ನು ತೆಗೆದ.
ನಾಲಿಗೆಯ ತುದಿ ಹೊರಗಿಟ್ಟು
ಕೊನೆಯ ವ-ದ ಬುಡದಲ್ಲಿ
ಪುಟ್ಟದೊಂದು ಒತ್ತು ಇಟ್ಟ.
ಆಕೆಗೆ ಕಚಗುಳಿಯಾಯಿತು. ಆಗ ನಕ್ಕಳು.

ಸಂಜೆಗೆ ಅದು ಅಳಿಸಿಹೋಗುತ್ತದೆ,
ಗಾರೆಗೆ, ಬೆವರಿಗೆ, ತುಂಡು ಸೋಪಿಗೆ.
ಅವನ ನಾಲ್ಕು ಸಾಲು ಇನ್ನೂ ಬಂದಿಲ್ಲ.
ಕೇಳಿದರೆ,
“ದಿನಾ ಮುಂಜಾನೆ ಬರೀತೀನ್ರೀ.
ಒಂದ ಅಕ್ಷರ.
ಆಕಿ ಕೆಲಸಕ್ಕ ಹೋಗೂಕಿಂತ ಮೊದಲ.”