ಆಷಾಢದ ಸರದಿ

ಆಷಾಢದಲ್ಲಿ ಸೇವಂತಿಗೆಗೆ ಬೆಲೆಯಿಲ್ಲ.
ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ;
ಬೆಳಗಿನ ಮೂರಕ್ಕೆ ಮಂಡಿಯ ಶೆಟರ್ ಎತ್ತಿದರೆ
ಮೂಟೆ ಮೂಟೆ ಹಳದಿ, ಕೇಳುವವರು ನಾಲ್ಕು ಜನ.
ಕಿಲೋ ಹನ್ನೆರಡು, ಕಿಲೋ ಹನ್ನೆರಡು ಎಂದು
ಗಂಟಲು ಒಣಗಿಸಿಕೊಂಡಿದ್ದೇ ಬಂತು.
ಶನಿವಾರ ಸಂಜೆ ಬಯ್ಯಣ್ಣ ಸ್ಕೂಟರಿನಿಂದ ಇಳಿಯದೇ
"ನಡಿ" ಅಂದ. ಎಲ್ಲಿಗೆಂದು ನಾನೂ ಕೇಳಲಿಲ್ಲ.

ಹೈವೇ ಪಕ್ಕ, ಮೊದಲು ದ್ರಾಕ್ಷಿ ತೋಟವಿದ್ದ ಜಾಗ.
ಕಲ್ಲುಕಂಬಗಳನ್ನು ಹಾಗೇ ಉಳಿಸಿಕೊಂಡು
ಬಳ್ಳಿಗೆ ಬದಲು ಬಲ್ಬು ಹಬ್ಬಿಸಿದ್ದಾರೆ.
ಗಾಜಿನ ಹಿಂದೆ ಮೂರು ತಾಮ್ರದ ಹಂಡೆ;
ನಮ್ಮಜ್ಜಿ ಕಂಡಿದ್ದರೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು.

ಬಾಗಿಲಲ್ಲಿ ಕರಿ ಅಂಗಿಯವನು ನನ್ನ ಮುಖ ನೋಡಲಿಲ್ಲ,
ಕಾಲು ನೋಡಿದ.
"ಚಪ್ಪಲಿ ಅಲೋ ಇಲ್ಲ ಸಾರ್."
ದೇವಸ್ಥಾನದಲ್ಲೂ ಇಲ್ಲ, ಆದರೆ ಅಲ್ಲಿ
ಚಪ್ಪಲಿ ಬಿಟ್ಟು ನಾವಾದರೂ ಒಳಗೆ ಹೋಗಬಹುದು.
ಬಯ್ಯಣ್ಣನ ಡಿಕ್ಕಿಯಲ್ಲಿ ಅವನ ಮಗನ
ಇಸ್ಕೂಲಿನ ಬಿಳಿ ಕ್ಯಾನ್ವಾಸು, ಎರಡು ಸೈಜು ಕಮ್ಮಿ.
ಹಿಂಭಾಗ ತುಳಿದುಕೊಂಡೇ ನಡೆದೆ.

ಹೆಸರು ಬರೆಸಬೇಕಂತೆ. ಬರೆಸಿದೆ: ಪಿಳ್ಳಾಂಜಿನಪ್ಪ.
ಪೆನ್ನು ಹಿಡಿದ ಹುಡುಗಿ ಎರಡು ಸಲ ಕೇಳಿ
"ಪಿಲ್" ಎಂದು ಬರೆದುಕೊಂಡಳು.
ನಮ್ಮ ಮುಂದೆ ಮೂವತ್ತು ಜನ, ಬೆಂಗಳೂರಿನವರು,
ನಂದಿಬೆಟ್ಟ ಇಳಿದು ಬಂದವರು,
ಹೆಲ್ಮೆಟ್ಟನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡವರು.
ಮೋಡ ಕೈಗೆ ಸಿಕ್ತು ಅನ್ನುತ್ತಿದ್ದರು.
ನಮಗೆ ಆ ಮೋಡ ದಿನಾ ಸಿಗುತ್ತೆ. ಟೇಬಲ್ಲು ಸಿಗಲ್ಲ.

ಒಂದು ಗಂಟೆ ಹತ್ತು ನಿಮಿಷ.
ನಿಂತಷ್ಟು ಹೊತ್ತೂ ಆ ವಾಸನೆ:
ಮೊಳಕೆ ಕಟ್ಟಿದ ರಾಗಿ ಹುರಿಯುವಾಗ ಬರುತ್ತಲ್ಲ,
ಬಾಣಂತಿ ಮನೆಯ ವಾಸನೆ, ಅದೇ.
ಅದನ್ನೇ ಬೇಯಿಸಿ, ಹುದುಗಿಸಿ, ನೊರೆ ಬರಿಸಿ
ಲೋಟಕ್ಕೆ ಮುನ್ನೂರ ಎಪ್ಪತ್ತೆರಡು.
ಮೂವತ್ತೊಂದು ಕಿಲೋ ಸೇವಂತಿಗೆ!
ಬೇಡವೆಂದರೂ ನಾಲಗೆ ಲೆಕ್ಕ ಹಾಕುತ್ತೆ.

ಕೊನೆಗೂ ಕೂರಿಸಿದರು, ಸ್ಪೀಕರಿನ ಕೆಳಗೇ.
ಬಯ್ಯಣ್ಣ ಬಾಯಿ ಆಡಿಸಿದ. ಹೂಂ ಅಂದೆ.
ಮತ್ತೆ ಆಡಿಸಿದ. ಆಗಲಿ ಬಿಡು ಅಂದೆ.
ಆರ್ಡರಿಗೆ ಬಂದವನು ಗಗನ,
ಹಾರ ಕಟ್ಟುವ ಲಕ್ಷ್ಮೀದೇವಮ್ಮನ ಮಗ,
ಚಿಕ್ಕವನಿದ್ದಾಗ ನನ್ನ ಮಂಡಿಯಲ್ಲಿ
ಕನಕಾಂಬರದ ಮೂಟೆಗೆ ಒರಗಿ ನಿದ್ದೆ ಹೋಗುತ್ತಿದ್ದವನು.
"ಗುಡ್ ಈವ್ನಿಂಗ್ ಸರ್" ಅಂದ, ಗುರುತೇ ಇಲ್ಲದವನಂತೆ.
ಮ್ಯಾನೇಜರಿನ ಕಣ್ಣು ಅವನ ಬೆನ್ನ ಮೇಲಿತ್ತು.
ನಾನೂ ಸರ್ ಆದೆ. "ಎರಡು ರಾಗಿ."
"ಸಾರಿ ಸರ್. ರಾಗಿ ಖಾಲಿ. ಮಾವಿಂದಿದೆ."

ಆಷಾಢದ ಮಾವು! ಹುಳುವೂ ಬಿಟ್ಟುಹೋಗೋ ಕಾಲ.
ಬಯ್ಯಣ್ಣ ತೆಲುಗಿನಲ್ಲಿ ಬೈದ;
ಬೈಯೋಕೆ ನಮ್ಮ ಕಡೆ ತೆಲುಗೇ ಸಲೀಸು.

ಮಾವಿಂದು ಬಂತು, ಕೆಮ್ಮಿನ ಔಷಧಿ ಥರ.
ಅದರ ಹಿಂದೆಯೇ ಗಗನ, ಟ್ರೇ ಕೆಳಗೆ ಬಚ್ಚಿಟ್ಟುಕೊಂಡು
ಎರಡು ಸ್ಟೀಲ್ ಲೋಟ.
"ತಳದ್ದು, ಮಾವ. ಹಂಡೆ ತೊಳೆಯೋ ಮುಂಚೆ
ನಮಗೇಂತ ಹಿಡಿದಿಟ್ಟಿದ್ದು. ಬಿಲ್ಲಿಗೆ ಬರಲ್ಲ."

ಮೊದಲು ಕಹಿ. ಆಮೇಲೆ, ನುಂಗಿದ ಮೇಲೆ,
ಎಲ್ಲೋ ಹಿಂದಿನಿಂದ ಬೆಲ್ಲ.
ಹಲ್ಲಿಗೆ ಒಂದಿಷ್ಟು ಮಡ್ಡಿ.
ಮೇಜಿನ ಕೆಳಗೆ ಕ್ಯಾನ್ವಾಸು ಕಳಚಿದೆ,
ಕಲ್ಲುಕಂಬಕ್ಕೆ ಬೆನ್ನು ಕೊಟ್ಟೆ. ತಂಪು.
ಅಷ್ಟರಲ್ಲಿ ಕರೆಂಟು ಹೋಯಿತು.

ಸ್ಪೀಕರು ಸತ್ತಿತು. ಜನರೇಟರು ಕೆಮ್ಮುವ ತನಕ
ಬರೀ ಲಾರಿಗಳ ಸದ್ದು, ಆಷಾಢದ ಗಾಳಿ,
ಕತ್ತಲಲ್ಲಿ ಲೋಟ ತಡಕುವ ಕೈಗಳು.
ನನಗಿಷ್ಟೇ ಬೇಕಿತ್ತು ಅನ್ನಿಸಿತು.
"ಹಂಗಾದ್ರೆ ಸೋಮವಾರ ಕೊಡ್ತೀಯ ತಾನೆ,
ಆ ಐದು ಸಾವಿರ?" ಬಯ್ಯಣ್ಣನ ದನಿ ಕೇಳಿಸಿತು.
ನಾನು ಎರಡು ಸಲ ಒಪ್ಪಿದ್ದೆನಂತೆ.

ಬೆಳಗಿನ ಮೂರಕ್ಕೆ ಶೆಟರ್ ಎತ್ತಿದೆ, ಹಿಮ್ಮಡಿಯಲ್ಲಿ ಬೊಬ್ಬೆ.
ಮೊದಲ ಗಿರಾಕಿ ಲಕ್ಷ್ಮೀದೇವಮ್ಮ, ಐದು ಕಿಲೋ.
ತಕ್ಕಡಿ ಅವಳ ಕಡೆಗೇ ಕೂತಿತು, ನಾನು ಎತ್ತಲಿಲ್ಲ.
"ಏನಣ್ಣ, ತೂಕ ಜಾಸ್ತಿ?"
"ಆಷಾಢ," ಅಂದೆ.