ಉಳಿದ ಮೂರು

ಸೊಲ್ಲಾಪುರದ ಗಿರಣಿಯ ಸಾಲಪತ್ರ,
ಬದಿಗೆ ಅಂಚೆಚೀಟಿಯ ಹಾಗೆ ಕೂಪನ್ನು.
ಆರು ತಿಂಗಳಿಗೊಮ್ಮೆ ಒಂದು ಕತ್ತರಿಸಿ ಕೊಟ್ಟರೆ
ನಲವತ್ತೈದು ರೂಪಾಯಿ.

ಕತ್ತರಿ ಮಹಾನಂದತ್ತಿಯದೇ ಹಕ್ಕು:
ಚಾದರಿನ ಅಂಚು ಹೊಲಿದ ಕೈ, ಗೆರೆ ತಪ್ಪದು.
“ಅವಧಿ ಅಂದ್ರೇನತ್ತಿ?”
“ಇಲ್ಲಿಂದ ಇಲ್ಲೀತನಕ.”
ಮೇಜಿನ ಮೇಲೆ ಗೇಣು ಹಾಕುತ್ತಿದ್ದಳು.
“ನಡುವ ಬಡ್ಡಿ ಎಲ್ಲಿರತದ?”
“ಬರ್ಲಿಕ್ಹತ್ತಿರತದ. ಕೈಗೆ ಸಿಕ್ಕಿಲ್ಲ, ಅಷ್ಟ.”

ಗಿರಣಿಯ ಭೋಂಗಾ ನಿಂತ ವರ್ಷ
ಉಳಿದಿದ್ದವು ಮೂರು.
ಕೌಂಟರಿನವ ಕಿಟಕಿ ಮುಚ್ಚುತ್ತಲೇ
“ನಾಳೆ ಬರ್ರಿ” ಅಂದ;
ಆ ನಾಳೆ ಯಾವ ಅವಧಿಗೂ ಸೇರಲಿಲ್ಲ.

ಈಗ ಮಾರ್ಚ್ ಮೂವತ್ತೊಂದರ ರಾತ್ರಿ
ಮಂದಿಯ ಖಾತೆಗಳಿಗೆ ನಾನು ಕೆಳಗೆರೆ ಎಳೆದು
ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುತ್ತೇನೆ.

ಅವಳ ಟ್ರಂಕಿನಲ್ಲಿ
ಆ ಮೂರೂ ಪತ್ರಕ್ಕೆ ಅಂಟಿಕೊಂಡೇ ಇವೆ,
ಪಕ್ಕದಲ್ಲಿ ಕತ್ತರಿ,
ನಿನ್ನೆಯೋ ಮೊನ್ನೆಯೋ ಎಣ್ಣೆ ಹಚ್ಚಿದ್ದು.